ಇಲ್ಲೇ ಹುಟ್ಟಿದವರು ಇನ್ನೂ ಟಿಬೆಟ್ ಅಂತಾರಲ್ಲ, ಯಾಕೆ?

ಹುಬ್ಬಳ್ಳಿಯ ನಮ್ಮ ಮನೆಯ ಹಿಂದಿನ ಖೋಲಿಯನ್ನು ಪ್ರತಿ ಚಳಿಗಾಲ ಸ್ವೆಟರ್ ಮಾರುವ ಟಿಬೆಟನ್ ಕುಟುಂಬವೊಂದು ಬಾಡಿಗೆಗೆ ಹಿಡಿಯುತ್ತದೆ. ಮುಂಡಗೋಡದ ಟಿಬೆಟನ್ ನಿರಾಶ್ರಿತರ ಕ್ಯಾಂಪಿನವರು. ಹೀಗಾಗಿ ಓಣಿಯವರೆಲ್ಲ ನನ್ನನ್ನೇ ಕೇಳುತ್ತಾರೆ: "ಅಲ್ರೀ, ಇಲ್ಲೇ ಹುಟ್ಯಾರ, ಇಲ್ಲೇ ಬೆಳದಾರ. ಇನ್ನೂ ಟಿಬೆಟ್ ಟಿಬೆಟ್ ಅಂತ ರ‍್ಯಾಲಿ ಮಾಡಿದ್ರ ಏನ್ ಸಿಗತೈತಿ?"

ರ‍್ಯಾಲಿ ಅಂದರೆ ಮಾರ್ಚ್ 10ರದ್ದು. 1959ರಲ್ಲಿ ಆ ದಿನ ಲಾಸಾದ ಜನ ಚೀನಾದ ವಿರುದ್ಧ ಎದ್ದಿದ್ದರು. ಆ ತಿಂಗಳ ಕೊನೆಗೆ ದಲೈ ಲಾಮಾ ಗಡಿ ದಾಟಿ ಭಾರತಕ್ಕೆ ಬಂದರು. ಮುಂಡಗೋಡದ ಕ್ಯಾಂಪ್ ಶುರುವಾಗಿದ್ದು 1966ರಲ್ಲಿ. ಆಗ ನಮ್ಮದಿನ್ನೂ ಮೈಸೂರು ರಾಜ್ಯ, ನಿಜಲಿಂಗಪ್ಪನವರು ಮುಖ್ಯಮಂತ್ರಿ.

ಆದರೆ ರ‍್ಯಾಲಿ ವರ್ಷಕ್ಕೊಂದು ದಿನದ್ದು. ಉತ್ತರ ಇರುವುದು ಒಂದು ಸಣ್ಣ ಹಸಿರು ಪುಸ್ತಕದಲ್ಲಿ. ಆ ಕುಟುಂಬದ ಹೆಂಗಸು, ನಾವೆಲ್ಲ ಅಕ್ಕ ಅನ್ನುತ್ತೇವೆ, ಅದನ್ನು ಲುಧಿಯಾನಾದಿಂದ ಉದ್ರಿ ತಂದ ಮಾಲಿನ ಬಿಲ್ಲುಗಳ ಜೊತೆ ಒಂದೇ ಚೀಲದಲ್ಲಿ ಇಟ್ಟುಕೊಂಡಿರುತ್ತಾಳೆ. ನಾನು ಬ್ಯಾಂಕ್ ಪಾಸ್‌ಬುಕ್ ಅಂದುಕೊಂಡಿದ್ದೆ. ಅಲ್ಲವಂತೆ. ಹಿಮಾಚಲದ ಧರ್ಮಶಾಲೆ ಊರಿನಲ್ಲಿರುವ ಅವರ ಆಡಳಿತಕ್ಕೆ ವರ್ಷವರ್ಷ ಕೊಡುವ ವಂತಿಗೆಯ ಲೆಕ್ಕ. 1972ರಿಂದ ನಡೆದು ಬಂದಿದೆ. ಟೊರಾಂಟೊದಲ್ಲಿದ್ದರೂ ಅಷ್ಟೇ, ಮುಂಡಗೋಡದಲ್ಲಿದ್ದರೂ ಅಷ್ಟೇ, ಇದು ಬೇಕು. ಅವರ ಚುನಾವಣೆಯಲ್ಲಿ ವೋಟು ಹಾಕಲು ಇದನ್ನೇ ತೋರಿಸಬೇಕು. ಹೌದು, ಚುನಾವಣೆ! 2011ರಲ್ಲಿ ದಲೈ ಲಾಮಾ ರಾಜಕೀಯ ಅಧಿಕಾರವನ್ನೆಲ್ಲ ಬಿಟ್ಟುಕೊಟ್ಟರು. ಈಗ ಬೇರೆಬೇರೆ ದೇಶಗಳಲ್ಲಿ ಚದುರಿರುವವರೇ ವೋಟು ಹಾಕಿ ಮುಖ್ಯಸ್ಥನನ್ನು ಆರಿಸುತ್ತಾರೆ. ನೆಲವಿಲ್ಲದ ಸರ್ಕಾರಕ್ಕೆ ರಸೀದಿ ಸಮೇತ ದುಡ್ಡು ಕಟ್ಟುವ ಜನ. ನಮ್ಮಲ್ಲಿ ಮನೆ ಕರ ಕಟ್ಟಿಸಲು ಎಷ್ಟು ನೋಟಿಸ್ ಬೇಕು ಅಂತ ನಿಮಗೇ ಗೊತ್ತಲ್ವಾ?

ಓಣಿಯವರಿಗೆ ನಾನು ಜಾತ್ರೆಯ ಪಟ್ಟಿಯ ಉದಾಹರಣೆ ಕೊಡುತ್ತೇನೆ. ನಮ್ಮ ಮೂಲ ಊರು ರೋಣ ತಾಲೂಕಿನದು. ಅಲ್ಲಿಂದ ಗೋವಾಕ್ಕೆ ದುಡಿಯಲು ಹೋದವರು ಎಷ್ಟೋ ಮಂದಿ. ತೇರಿನ ಪಟ್ಟಿ ಎತ್ತುವಾಗ ಮೊದಲು ದುಡ್ಡು ಕಳಿಸುವವರು ಅವರೇ. ಊರಲ್ಲಿ ಇರುವವರು ಚೌಕಾಶಿ ಮಾಡುತ್ತಾರೆ, ಬಿಟ್ಟು ಹೋದವರು ಮಾಡುವುದಿಲ್ಲ. ಓಣಿಯವರಿಗೆ ಇದು ತಟ್ಟನೆ ತಿಳಿಯುತ್ತದೆ.

ಆದರೂ ಈ ಹೋಲಿಕೆ ಅರ್ಧಕ್ಕೇ ನಿಲ್ಲುತ್ತದೆ. ಗೋವಾದವರು ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ತೇರಿನ ಮುಂದೆ. ಅಕ್ಕ ಟಿಬೆಟನ್ನು ಕಂಡೇ ಇಲ್ಲ. ಅವಳು ಕೊಡುವ ದುಡ್ಡೂ ಅಲ್ಲಿಗೆ ಹೋಗುವುದಿಲ್ಲ, ಇಲ್ಲಿಯ ಅವರ ಆಡಳಿತಕ್ಕೇ ಹೋಗುತ್ತದೆ. ಧರ್ಮಶಾಲೆಯವರು ಬೇರೆ ದೇಶವನ್ನೂ ಕೇಳುತ್ತಿಲ್ಲ. ಚೀನಾದೊಳಗೇ ಇರುತ್ತೇವೆ, ನಮ್ಮ ಭಾಷೆ, ಧರ್ಮ, ಆಡಳಿತ ನಮ್ಮ ಕೈಲಿರಲಿ ಅನ್ನುತ್ತಾರೆ. ಅದೂ ಸಿಕ್ಕಿಲ್ಲ. ನನ್ನ ಕಾಲದಲ್ಲಿ ಸಿಗುತ್ತದೆ ಅಂತ ನನಗಂತೂ ಅನಿಸುವುದಿಲ್ಲ. ಲಾಸಾ ಹತ್ತಿರದ ಡ್ರೆಪುಂಗ್, ಗಾಂಡೆನ್ ಮಠಗಳು ಮಾತ್ರ ಮುಂಡಗೋಡದಲ್ಲಿ ಮತ್ತೆ ಎದ್ದಿವೆ. ಹುಬ್ಬಳ್ಳಿಯಿಂದ ತಡಸದ ಮೇಲೆ ಹೋದರೆ ನೋಡಿ ಬರಬಹುದು.

ಹೋದ ಜನವರಿ, ಮಾಲು ಕಟ್ಟುವಾಗ, ಓಣಿಯವರ ಪ್ರಶ್ನೆಯನ್ನು ಅಕ್ಕನಿಗೇ ಕೇಳಿಬಿಟ್ಟೆ. ನಕ್ಕಳು. "ಅಣ್ಣಾರ, ನಿಮ್ಮೂರ ತೇರಿಗೆ ಈ ವರ್ಷ ಪಟ್ಟಿ ಕೊಟ್ರೇನ್ರೀ?"

ಕೊಟ್ಟಿರಲಿಲ್ಲ.