ಹುತ್ತರಿ ರಾತ್ರಿಯ ಬಿಸಿ ಗೆಣಸು

ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ರಾತ್ರಿ, ಕದಿರು ಮನೆ ತುಂಬಿಸಿಕೊಂಡು ಎಲ್ಲರೂ ಊಟಕ್ಕೆ ಕೂತಿದ್ದರಂತೆ. ಎರಡು ವರ್ಷದ ಹುಡುಗ ಅಜ್ಜಿಯ ತಟ್ಟೆಯಿಂದ ಬೇಯಿಸಿದ ಹುತ್ತರಿ ಗೆಣಸಿನ ತುಂಡು ಬಾಯಿಗೆ ಹಾಕಿಕೊಂಡ. ಮೇಲೆ ಆರಿದ್ದ ಗೆಣಸಿನ ಒಳಗೆ ಇನ್ನೂ ಹಬೆ. ಉಗುಳಲು ಗೊತ್ತಾಗದೆ ನುಂಗಿದ, ಕಿರುಚಿದ. ನೀರು ಕುಡಿಸಿ ಜೇನು ನೆಕ್ಕಿಸಿದ ಮೇಲೆ ಸುಮ್ಮನಾಗಿ ಮಲಗಿದ.

ಮಡಿಕೇರಿಯ ನಮ್ಮ ಆಸ್ಪತ್ರೆಗೆ ಕರೆತಂದಾಗ ನಡುರಾತ್ರಿ ದಾಟಿತ್ತು. ಅಮ್ಮನ ತೊಡೆಯ ಮೇಲೆ ಮುಂದಕ್ಕೆ ಬಾಗಿ, ಗಲ್ಲ ಚಾಚಿ ಕೂತಿದ್ದ. ಜೊಲ್ಲು ಇಳಿದು ಅಂಗಿಯ ಎದೆ ಒದ್ದೆ. ಉಸಿರೆಳೆದಾಗಲೆಲ್ಲ ಗೊರ್ ಎಂಬ ಸದ್ದು, ಕತ್ತಿನ ಬುಡದ ಗುಳಿ ಒಳಕ್ಕೆ ಹೋಗುತ್ತಿತ್ತು. "ಮಲಗುವಾಗ ಚೆನ್ನಾಗೇ ಇದ್ದ ಸಿಸ್ಟರ್, ಬೇಕಾದರೆ ಬಾಯಿ ನೋಡಿ" ಎಂದರು ಅಜ್ಜಿ.

ಬಾಯಿ ನೋಡಲಿಲ್ಲ. ಸುಟ್ಟಿದ್ದು ಅದರ ಹಿಂದೆ, ಶ್ವಾಸನಾಳದ ಮೇಲಿನ ಮುಚ್ಚಳದಂಥ ಎಪಿಗ್ಲಾಟಿಸ್. ಅಲ್ಲಿ ಊತ ಏರಲು ಗಂಟೆಗಳೇ ಹಿಡಿಯಬಹುದು, ಅಷ್ಟರಲ್ಲಿ ಮನೆಯವರು ನಿಶ್ಚಿಂತರಾಗಿರುತ್ತಾರೆ. 4 ಮಿ.ಮೀ. ಅಗಲದ ಉಸಿರಿನ ದಾರಿಯಲ್ಲಿ ಸುತ್ತಲೂ 1 ಮಿ.ಮೀ. ಊದಿದರೆ ಉಳಿಯುವ ಜಾಗ ಕಾಲು ಭಾಗ ಮಾತ್ರ. ಇಂಥ ಗಂಟಲಿಗೆ ಚಮಚ ಹಾಕಿ ಇಣುಕಿದರೆ, ಸೂಜಿ ಚುಚ್ಚಿ ಅಳಿಸಿದರೆ, ಆ ಕಾಲು ಭಾಗವೂ ಮುಚ್ಚಿಕೊಳ್ಳಬಹುದು.

ಅಮ್ಮನ ಕೈಯಲ್ಲೇ ಆಕ್ಸಿಜನ್ ಮಾಸ್ಕ್ ಹಿಡಿಸಿದೆವು. ಊತ ತಗ್ಗಿಸುವ ಅಡ್ರಿನಲಿನ್ ಔಷಧವನ್ನು ಮಂಜಿನಂತೆ ಉಸಿರಿನಲ್ಲಿ ಕೊಟ್ಟಿದ್ದರಿಂದ ಸ್ವಲ್ಪ ಹೊತ್ತು ಸಿಕ್ಕಿತು. ಅರಿವಳಿಕೆ ವೈದ್ಯರು ಬಂದರು. ಆ ವಯಸ್ಸಿಗೆ ಲೆಕ್ಕದಂತೆ ಶ್ವಾಸನಾಳಕ್ಕೆ ಇಳಿಸಲು 4.5 ಮಿ.ಮೀ. ಅಳತೆಯ ಕೊಳವೆ ಬೇಕು. ಅವರು 4 ಮತ್ತು 3.5ನ್ನೂ ಪಕ್ಕದಲ್ಲಿಟ್ಟುಕೊಂಡರು, ಕತ್ತಿನಲ್ಲಿ ರಂಧ್ರ ಮಾಡಬೇಕಾದರೆ ಎಂದು ಸರ್ಜನ್ನರನ್ನೂ ನಿಲ್ಲಿಸಿಕೊಂಡರು. ಇಳಿದದ್ದು 3.5. ಆಮೇಲೆಯೇ ಆಂಬುಲೆನ್ಸ್ ಮೈಸೂರಿಗೆ ಹೊರಟಿತು. ಸುಮಾರು 120 ಕಿ.ಮೀ. ದಾರಿ, ಅದನ್ನು ಬರಿಯ ಮಾಸ್ಕಿನ ಮೇಲೆ ಕಳಿಸುವ ಧೈರ್ಯ ಯಾರಿಗೂ ಇರಬಾರದು. ಮೂರನೆಯ ದಿನ ಊತ ಇಳಿದು ಕೊಳವೆ ತೆಗೆದರಂತೆ.

ಗೆಣಸು, ಅಕ್ಕಿ ತರಿಯ ಉಂಡೆಯಾದ ಕಡಂಬುಟ್ಟು, ಎರಡೂ ಶಾಖ ಹಿಡಿದಿಡುವ ಅಂಟು ತಿನಿಸು. ಕಡಂಬುಟ್ಟನ್ನು ಮಗುವಿಗೆ ಉಂಡೆಯಾಗಿ ಕೊಡಬೇಡಿ. ಮುರಿದು, ನಡುವಿನ ಭಾಗವನ್ನು ನಿಮ್ಮ ಕೆಳತುಟಿಗೆ ಮುಟ್ಟಿಸಿ ನೋಡಿ. ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದ್ದಾದರೆ ಚೆನ್ನಾಗಿ ಕಲಸಿ, ಅದು ಒಂದೊಂದು ಕಡೆ ಒಂದೊಂದು ಬಿಸಿ ಇರುತ್ತದೆ. ಸುಟ್ಟೇ ಬಿಟ್ಟರೆ ಉಗುಳಿಸಿ. ನುಂಗುತ್ತಿದ್ದರೆ ತಣ್ಣೀರು ಗುಟುಕು ಗುಟುಕಾಗಿ ಕೊಟ್ಟು ಅವತ್ತೇ ವೈದ್ಯರಿಗೆ ತೋರಿಸಿ. ಜೊಲ್ಲು ಸುರಿಯುತ್ತಿದ್ದರೆ, ದನಿ ಬದಲಾಗಿದ್ದರೆ ಬಾಯಿಗೆ ಏನೂ ಬೇಡ, ತುಪ್ಪವೂ ಬೇಡ, 108ಕ್ಕೆ ಕರೆ ಮಾಡಿ. ದಾರಿಯಲ್ಲಿ ಮಗು ನಿದ್ದೆಗೆ ಜಾರಿದರೂ ಮಲಗಿಸಬೇಡಿ, ಎದೆಗೆ ಒರಗಿಸಿ ಕೂರಿಸಿಕೊಂಡೇ ಬನ್ನಿ. ಅಂಗಾತ ಮಲಗಿದರೆ ಊದಿದ ಆ ಮುಚ್ಚಳ ಉಸಿರಿನ ಬಾಯಿಗೇ ಬಂದು ಕೂರುತ್ತದೆ.