ಚಿಕ್ಕಪ್ಪನವರ ಫಿಯೆಟ್ ಕಾರಿನ ಕಚ್ಚಿಹೋದ ಥ್ರಾಟಲ್ ಶಾಫ್ಟ್

ಚಿಕ್ಕಪ್ಪನವರ 1985ರ ಪ್ರೀಮಿಯರ್ ಪದ್ಮಿನಿ ಕುಂದಾಪುರದ ಮನೆಯ ಶೆಡ್ಡಿನಲ್ಲಿ ನಾಲ್ಕು ಮಳೆಗಾಲ ನಿಂತಲ್ಲೇ ನಿಂತಿತ್ತು. ಕಾರಿನ ಹಿಂದೆ ಪದ್ಮಿನಿ ಎಂದು ಬರೆದಿದ್ದರೂ ನಮ್ಮ ಮನೆಯಲ್ಲಿ ಅದು ಎಂದಿಗೂ ಫಿಯೆಟ್ಟೇ. 2022ರ ಮಳೆ ಹಿಡಿಯುವ ಮುನ್ನ ಮೊಣಕಾಲು ನೋವು ಹೆಚ್ಚಾಗಿ ಅವರು ಓಡಿಸುವುದನ್ನು ಬಿಟ್ಟರು. ಅನಂತರ ಅದರ ಮೇಲೆ ಟಾರ್ಪಾಲು ಬಿತ್ತು. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕಾದ್ದರಿಂದ, 2025ರ ಕೊನೆಗೆ ಆ ಗಡುವು ಹತ್ತಿರವಾದಾಗ, ಕಾರನ್ನು ಮತ್ತೆ ಎಬ್ಬಿಸುವ ಕೆಲಸವನ್ನು ನಾನು ವಹಿಸಿಕೊಂಡೆ. ಹೊಸ ಬ್ಯಾಟರಿ ಕೂರಿಸಿ, ಎಂಜಿನ್ ಕೈಯಿಂದ ತಿರುಗುತ್ತದೆ ಎಂಬುದನ್ನು ಖಚಿತಪಡಿಸಿಕೊಂಡ ಮೇಲೆ ಎಕ್ಸಲರೇಟರ್ ಪೆಡಲಿನ ಮೇಲೆ ಕಾಲಿಟ್ಟರೆ ಅದು ಕಲ್ಲಿನಂತೆ ಕೂತಿತ್ತು. ಪೆಡಲಿನಿಂದ, ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರಿಗೆ ಹೋಗುವ ರಾಡನ್ನು ಬಿಡಿಸಿದಾಗ ಪೆಡಲು ಸಲೀಸಾಗಿ ಆಡಿತು. ಅಂದರೆ ಕಚ್ಚಿಕೊಂಡದ್ದು ಕಾರ್ಬ್ಯುರೇಟರಿನ ಒಳಗೆ ತಿರುಗಿ ಗಾಳಿಯ ದಾರಿಯನ್ನು ತೆರೆದು ಮುಚ್ಚುವ ಸರಳು, ಥ್ರಾಟಲ್ ಶಾಫ್ಟ್.

ಏರ್ ಕ್ಲೀನರ್, ಪೆಟ್ರೋಲ್ ಪೈಪು, ಚೋಕ್ ಕೇಬಲ್ ಬಿಡಿಸಿ ಸೋಲೆಕ್ಸ್ ಕಾರ್ಬ್ಯುರೇಟರನ್ನು ಕೆಳಗಿಳಿಸಿ, ಎಂಜಿನ್ನಿಗೆ ಹೋಗುವ ಮ್ಯಾನಿಫೋಲ್ಡ್ ಕೊಳವೆಯ ಬಾಯಿಗೆ ಶುಭ್ರವಾದ ಬಟ್ಟೆ ತುರುಕಿದೆ. ಫ್ಲೋಟ್ ಇರುವ ಬಟ್ಟಲಿನಲ್ಲಿ ಉಳಿದಿದ್ದ ಪೆಟ್ರೋಲು ಕಡುಚಹಾದ ಬಣ್ಣಕ್ಕೆ ತಿರುಗಿ ವಾರ್ನಿಶಿನಂತೆ ನಾರುತ್ತಿತ್ತು. ಅದರ ತಳದಲ್ಲಿ ನೀರಿನ ಹನಿಗಳು ಬೇರೆಯಾಗಿ ಉರುಳಾಡುತ್ತಿದ್ದವು. ಶಾಫ್ಟಿನ ಎರಡೂ ತುದಿಗಳಲ್ಲಿ, ಅದು ಕಾರ್ಬ್ಯುರೇಟರಿನ ಮೈಯಿಂದ ಹೊರಬರುವ ಕಡೆ, ಸುಣ್ಣದ ಪುಡಿಯಂಥ ಬಿಳಿಯ ಹೊಪ್ಪಳಿಕೆ ಕಟ್ಟಿತ್ತು. ರೋಗ ಯಾವುದೆಂದು ತಿಳಿಯಲು ಅಷ್ಟೇ ಸಾಕಾಗಿತ್ತು. ಕಾರ್ಬ್ಯುರೇಟರಿನ ಮೈ ಸತುವಿಗೆ ಸ್ವಲ್ಪ ಅಲ್ಯೂಮಿನಿಯಂ ಬೆರೆಸಿ ಅಚ್ಚು ಹೊಯ್ದ ಮಿಶ್ರಲೋಹ, ಶಾಫ್ಟ್ ಉಕ್ಕಿನದು. ಎರಡು ಬೇರೆ ಲೋಹಗಳು ಒತ್ತಾಗಿ ಕೂತಿರುವಲ್ಲಿ ತೇವ ಸೇರಿದರೆ ಮೊದಲು ಸವೆಯುವುದು ಸತುವೇ. ಹಾಗೆ ಹುಟ್ಟಿದ ಬಿಳಿಪುಡಿಗೆ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಕಾದ್ದರಿಂದ, ಶಾಫ್ಟಿಗೂ ರಂಧ್ರಕ್ಕೂ ನಡುವೆ ಇದ್ದ ಎಣ್ಣೆಯ ಪೊರೆಯಷ್ಟು ಸಂದು ಗಾರೆ ತುಂಬಿದಂತೆ ಮುಚ್ಚಿಹೋಗುತ್ತದೆ. ಅದರ ಮೇಲೆ ಹಳೆಯ ಪೆಟ್ರೋಲಿನ ಅಂಟು ಒಣಗಿ ಕೂತರೆ ಹೇಳುವುದೇ ಬೇಡ. ಕಡಲಿನ ಉಪ್ಪುಗಾಳಿ ಬೀಸುವ ನಮ್ಮ ಊರಿನಲ್ಲಿ ಇದಕ್ಕೆ ನಾಲ್ಕು ವರ್ಷವೂ ಬೇಕಾಗಿರಲಿಲ್ಲ.

ಕಬ್ಬಿಣದ ಬೋಲ್ಟ್ ಕಚ್ಚಿಕೊಂಡರೆ ನಮಗೆಲ್ಲ ತೋಚುವ ಉಪಾಯಗಳು ಮೂರು: ಬೆಂಕಿ, ಹುಳಿ, ಸುತ್ತಿಗೆ. ಸತುವಿನ ಮೈಗೆ ಈ ಮೂರೂ ಸಲ್ಲವು. ಈ ಮಿಶ್ರಲೋಹ ಸುಮಾರು 380 ಡಿಗ್ರಿ ಸೆಲ್ಸಿಯಸ್‌ಗೇ ಕರಗತೊಡಗುತ್ತದೆ. ಗ್ಯಾಸ್ ಟಾರ್ಚಿನ ಜ್ವಾಲೆಯ ಬಿಸಿ ಸಾವಿರ ಡಿಗ್ರಿಯನ್ನೂ ಮೀರುವುದರಿಂದ, ಕಣ್ಣು ಮಿಟುಕಿಸುವಷ್ಟರಲ್ಲಿ ತೆಳುವಾದ ಅಂಚು ಜೋತು ಬೀಳುತ್ತದೆ. ಹಿತ್ತಾಳೆಯ ಪಾತ್ರೆಯನ್ನು ಹುಣಸೆಹಣ್ಣಿನಿಂದ ತಿಕ್ಕಿದರೆ ಫಳಫಳ ಹೊಳೆಯುತ್ತದೆ ಎಂಬ ಅನುಭವದಿಂದ ಮನೆಯಲ್ಲಿ ಆ ಸಲಹೆಯೂ ಬಂತು. ಆದರೆ ಹುಳಿ ಬಿಳಿಪುಡಿಯನ್ನು ಕರಗಿಸುವುದರ ಜೊತೆಗೆ ಅದರ ಕೆಳಗಿನ ಒಳ್ಳೆಯ ಸತುವನ್ನೂ ತಿನ್ನುತ್ತದೆ, ರಂಧ್ರ ದೊಡ್ಡದಾಗುತ್ತದೆ. ಸುತ್ತಿಗೆಯ ಪೆಟ್ಟಿಗೆ ಅಚ್ಚು ಹೊಯ್ದ ಸತು ಬಾಗುವುದಿಲ್ಲ, ಬಿರಿಯುತ್ತದೆ. ಹಾಗೆಂದು ಶಾಫ್ಟನ್ನು ತಿರುಗಿಸುವ ಲಿವರಿನ ತುದಿಗೆ ಸ್ಪ್ಯಾನರ್ ಸಿಕ್ಕಿಸಿ ಬಲ ಹಾಕಿದರೆ ತಿರುಚಿಕೊಳ್ಳುವುದು ಲಿವರು, ಇಲ್ಲವೇ ಶಾಫ್ಟಿಗೆ ಎರಡು ಸಣ್ಣ ಸ್ಕ್ರೂಗಳಿಂದ ಬಿಗಿದ ಹಿತ್ತಾಳೆಯ ಬಟರ್‌ಫ್ಲೈ, ಅಂದರೆ ಗಾಳಿಯ ದಾರಿಯನ್ನು ಮುಚ್ಚುವ ದುಂಡನೆಯ ತಗಡು. ಅದರ ಅಂಚು ಒಮ್ಮೆ ಬಾಗಿತೆಂದರೆ ಐಡ್ಲಿಂಗ್, ಅಂದರೆ ಪೆಡಲು ಒತ್ತದಿರುವಾಗಿನ ಎಂಜಿನ್ನಿನ ಓಟ, ಮತ್ತೆಂದೂ ಸರಿಯಾಗಿ ನಿಲ್ಲುವುದಿಲ್ಲ.

ಪೇಟೆಯಲ್ಲಿ ಬಹಳ ವರ್ಷ ಫಿಯೆಟ್ ಮತ್ತು ಅಂಬಾಸಿಡರ್ ಕಾರುಗಳನ್ನೇ ಬಿಚ್ಚಿ ಕಟ್ಟಿದ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದಾರೆ. ಈಗ ಅವರು ಗ್ಯಾರೇಜು ನಡೆಸುವುದಿಲ್ಲ, ಆದರೆ ಕೇಳಿದವರಿಗೆ ಇಲ್ಲವೆನ್ನುವುದಿಲ್ಲ. ಕಾರ್ಬ್ಯುರೇಟರನ್ನು ಕೈಯಲ್ಲಿ ತಿರುಗಿಸಿ ನೋಡಿದ ಅವರು, "ಇದು ಬೀಡುಕಬ್ಬಿಣದ್ದಲ್ಲ ಮಾರಾಯ್ರೆ, ಬಿಸಿ ಮಾಡಿ, ಸುಡ್ಬೇಡಿ. ಕುದಿಯುವ ನೀರು ಸಾಕು" ಎಂದರು. ಅವರ ಮಾತಿನ ಹಿಂದೆ ಇದ್ದ ಲೆಕ್ಕವನ್ನು ಮನೆಗೆ ಬಂದು ಹಾಕಿ ನೋಡಿದೆ. ಒಂದು ಡಿಗ್ರಿ ಬಿಸಿ ಏರಿದರೆ ಮೀಟರಿಗೆ ಸುಮಾರು 27 ಮೈಕ್ರಾನಿನಷ್ಟು (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಹಿಗ್ಗುವ ಲೋಹ ಈ ಸತು; ಉಕ್ಕು ಹಿಗ್ಗುವುದು ಸುಮಾರು 12 ಮೈಕ್ರಾನ್. ನನ್ನ ಅಳತೆಗೆ ಶಾಫ್ಟಿನ ದಪ್ಪ ಸುಮಾರು 8 ಮಿಲಿಮೀಟರ್ ಇತ್ತು. 25 ಡಿಗ್ರಿಯಿಂದ 95 ಡಿಗ್ರಿಗೆ ಎರಡನ್ನೂ ಒಟ್ಟಿಗೆ ಕಾಯಿಸಿದರೆ ರಂಧ್ರ ಶಾಫ್ಟಿಗಿಂತ ಎಂಟು ಮೈಕ್ರಾನಿನಷ್ಟು ಹೆಚ್ಚು ಅಗಲವಾಗುತ್ತದೆ. ತಲೆಗೂದಲಿನ ದಪ್ಪದ ಎಂಟನೆಯ ಒಂದು ಪಾಲಿನಷ್ಟಿರುವ ಈ ಅಂತರ ಕೇಳಲು ಏನೂ ಅಲ್ಲವೆನಿಸಿದರೂ, ಎಣ್ಣೆ ನುಗ್ಗಲು ಅಷ್ಟು ದಾರಿ ಧಾರಾಳ.

ಫ್ಲೋಟ್, ಡಯಾಫ್ರಾಮ್, ಗ್ಯಾಸ್ಕೆಟ್ ಎಲ್ಲವನ್ನೂ ಮೊದಲೇ ತೆಗೆದಿಟ್ಟು, ಮೊದಲ ರಾತ್ರಿ ಆಟೊಮ್ಯಾಟಿಕ್ ಗೇರಿನ ಕೆಂಪು ಎಣ್ಣೆ ಮತ್ತು ಅಸಿಟೋನನ್ನು ಸಮಸಮವಾಗಿ ಬೆರೆಸಿ ಶಾಫ್ಟಿನ ಎರಡೂ ತುದಿಗಳಿಗೆ ಹನಿಹನಿಯಾಗಿ ಬಿಟ್ಟೆ. ಈ ಎರಡು ದ್ರವಗಳು ಬಾಟಲಿಯಲ್ಲಿ ಬೇರೆಬೇರೆಯಾಗಿ ನಿಲ್ಲುವುದರಿಂದ ಪ್ರತಿ ಸಲವೂ ಚೆನ್ನಾಗಿ ಕುಲುಕಿ ಬಳಸಬೇಕು. ಬೆಳಿಗ್ಗೆ ಸೋಪಿನ ನೀರಿನಲ್ಲಿ ತೊಳೆದು, ಪೆಟ್ರೋಲಿನ ಅಥವಾ ಅಸಿಟೋನಿನ ವಾಸನೆ ಸ್ವಲ್ಪವೂ ಉಳಿದಿಲ್ಲವೆಂದು ಖಚಿತವಾದ ಮೇಲೆ, ಒಲೆಯಿಂದ ದೂರ ಅಂಗಳಕ್ಕೆ ತಂದಿಟ್ಟ ಕುದಿನೀರಿನ ಪಾತ್ರೆಯಲ್ಲಿ ಹತ್ತು ನಿಮಿಷ ಮುಳುಗಿಸಿಟ್ಟೆ. ಹೊರತೆಗೆದು ಬಟ್ಟೆಯಿಂದ ಒರೆಸಿ, ಬಿಸಿ ಇರುವಾಗಲೇ ಬರೀ ಆ ಕೆಂಪು ಎಣ್ಣೆಯನ್ನು ಬಿಟ್ಟೆ. ಈ ಹಂತದಲ್ಲಿ ಅಸಿಟೋನ್ ಕೂಡದು, ಏಕೆಂದರೆ ಅದು 56 ಡಿಗ್ರಿಗೇ ಕುದಿದು ಆವಿಯಾಗುತ್ತದೆ, ಆ ಆವಿ ಬೆಂಕಿಗೆ ಹತ್ತುತ್ತದೆ. ಲೋಹ ತಣಿದು ಕುಗ್ಗುತ್ತ ಬಂದಂತೆ ಎಣ್ಣೆ ಒಳಗೆ ಇಳಿಯುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೀಗೆ ಮಾಡುತ್ತ ಹೋದೆ.

ಶಾಫ್ಟಿನ ತುದಿಗೂ ಅದರ ಸುತ್ತಲಿನ ಮೈಗೂ ಅಡ್ಡಲಾಗಿ ಬ್ಲೇಡಿನಿಂದ ಒಂದೇ ಸಣ್ಣ ಗೆರೆ ಗೀಚಿಕೊಂಡಿದ್ದೆ. ಕೈಗೆ ತಿಳಿಯದ ಚಲನೆ ಕಣ್ಣಿಗಾದರೂ ತಿಳಿಯಲಿ ಎಂಬ ಉದ್ದೇಶ. ಬಟರ್‌ಫ್ಲೈ ಗಾಳಿಯ ದಾರಿಯ ಗೋಡೆಗೆ ಸಿಕ್ಕಿಕೊಳ್ಳದಿರಲೆಂದು ಐಡ್ಲಿಂಗ್ ಸ್ಕ್ರೂವನ್ನು ಇದ್ದಲ್ಲೇ ಬಿಟ್ಟಿದ್ದೆ. ಪ್ರತಿ ಸಲವೂ ಲಿವರನ್ನು ಅದರ ಬುಡದಲ್ಲಿ ಎರಡೂ ಹೆಬ್ಬೆರಳುಗಳಿಂದ ಹಿಡಿದು, ಗಟ್ಟಿಯಾದ ಮುಚ್ಚಳವನ್ನು ಪರೀಕ್ಷಿಸುವಷ್ಟು ಬಲದಿಂದ ತೆರೆಯುವ ಕಡೆಗೆ ಒತ್ತಿ ಬಿಡುತ್ತಿದ್ದೆ. ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಸಂಜೆ ಜಗಲಿಯ ದೀಪದ ಕೆಳಗೆ ಕನ್ನಡಕ ಸರಿಸಿ ನೋಡಿದಾಗ, ಗೆರೆಯ ಎರಡು ತುಂಡುಗಳು ಒಂದಕ್ಕೊಂದು ನೇರವಾಗಿರಲಿಲ್ಲ. ಶಾಫ್ಟಿನ ಸುತ್ತ ಸಗಣಿಯ ಬಣ್ಣದ ಎಣ್ಣೆ ಒಂದು ಉಂಗುರದಂತೆ ಒಸರಿತ್ತು. ಅದು ಒಳಗಿನ ಪುಡಿಯನ್ನು ಹೊತ್ತು ಹೊರಬರುತ್ತಿದ್ದ ಎಣ್ಣೆ. ಪಕ್ಕದಲ್ಲಿ ಕೂತು ನೋಡುತ್ತಿದ್ದ ಚಿಕ್ಕಪ್ಪ, "ಈಗ ಅವಸರ ಮಾಡಬೇಡ ಮಗಾ, ಹೋದಷ್ಟೇ ವಾಪಸ್ಸು ತಾ" ಎಂದರು. ಆ ಮಾತು ನೂರಕ್ಕೆ ನೂರು ಸರಿ. ಒಂದೇ ದಿಕ್ಕಿಗೆ ತಳ್ಳುತ್ತ ಹೋದರೆ ಪುಡಿ ಮುಂದೆ ರಾಶಿಯಾಗಿ ಮತ್ತೆ ಬಿಗಿಯುತ್ತದೆ. ಹಿಂದಕ್ಕೂ ಮುಂದಕ್ಕೂ ಆಡಿಸಿದರೆ ಎಣ್ಣೆ ಅದನ್ನು ತೊಳೆದು ಹೊರಹಾಕುತ್ತದೆ. ಕೂದಲೆಳೆಯಷ್ಟಿದ್ದ ಆ ಚಲನೆ ಪೂರ್ತಿ ತೆರೆಯುವವರೆಗೆ ಬರಲು ಮರುದಿನ ಮಧ್ಯಾಹ್ನವಾಯಿತು.

ಶಾಫ್ಟನ್ನು ಹೊರಗೆಳೆದು ತೊಳೆಯುವ ಆಸೆ ನನಗಿತ್ತು. ಆದರೆ ಬಟರ್‌ಫ್ಲೈ ಬಿಗಿದ ಸ್ಕ್ರೂಗಳ ತುದಿಯನ್ನು, ಅವು ಸಡಿಲವಾಗಿ ಎಂಜಿನ್ನಿನೊಳಗೆ ಬೀಳದಿರಲೆಂದು, ಹಿಂಬದಿಯಲ್ಲಿ ಬಡಿದು ಅಗಲಿಸಿರುತ್ತಾರೆ. ಅವನ್ನು ತಿರುಗಿಸಲು ಹೋದರೆ ತಲೆ ಮುರಿಯುತ್ತದೆ, ಇಲ್ಲವೇ ಶಾಫ್ಟಿನ ಒಳಗಿನ ಸ್ಕ್ರೂ ಗೆರೆಗಳು ಕಿತ್ತುಬರುತ್ತವೆ. ಹೀಗಾಗಿ ಇದ್ದಲ್ಲೇ ಎಣ್ಣೆ ಹರಿಸುತ್ತ, ಬರುವ ಎಣ್ಣೆ ಕೆಂಪಾಗಿಯೇ ಬರುವವರೆಗೆ ತೊಳೆದೆ. ಎಮೆರಿ ಕಾಗದವನ್ನು ಹತ್ತಿರಕ್ಕೂ ತರಲಿಲ್ಲ.

ಉಳಿದದ್ದು ಸುಲಭದ ಕೆಲಸ. ನೀಡಲ್ ವಾಲ್ವ್ ಅಂಟಿಕೊಂಡಿತ್ತು, ಡಯಾಫ್ರಾಮ್ ಸೆಟೆದು ಹೋಗಿತ್ತು. ಎರಡನ್ನೂ ಗ್ಯಾಸ್ಕೆಟ್ಟುಗಳ ಸಮೇತ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಿಂದ ತರಿಸಿದೆ. ಜೆಟ್ಟುಗಳ ತೂತನ್ನು ಬಿಡಿಸಲು ಉಕ್ಕಿನ ಸೂಜಿ ಬಳಸಬಾರದು, ತೂತು ಹಿಗ್ಗಿ ಪೆಟ್ರೋಲಿನ ಅಳತೆಯೇ ತಪ್ಪುತ್ತದೆ. ವಿದ್ಯುತ್ ವೈರಿನಿಂದ ಬಿಡಿಸಿಕೊಂಡ ತಾಮ್ರದ ಒಂದೇ ಎಳೆ ಸಾಕು. ಟ್ಯಾಂಕಿನ ಹಳೆಯ ಪೆಟ್ರೋಲನ್ನೂ ಪೂರ್ತಿ ಬಸಿದೆ.

ಎಥನಾಲಿನ ಬಗ್ಗೆ ಒಂದು ಮಾತು ಹೇಳಬೇಕು. ಈ ಕಾರು ಕೊನೆಯ ಬಾರಿ ಪೆಟ್ರೋಲ್ ಹಾಕಿಸಿಕೊಂಡ 2022ರ ಹೊತ್ತಿಗೆ ದೇಶದಲ್ಲಿ ಸರಾಸರಿ ಶೇ. 10ರಷ್ಟು ಎಥನಾಲ್ ಪೆಟ್ರೋಲಿಗೆ ಬೆರೆಯತೊಡಗಿತ್ತು. ಶೇ. 20ರ ಪೆಟ್ರೋಲಿಗೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಚಾಲನೆ ದೊರೆಯಿತು. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರು ಒಂದು ಮಿತಿಯನ್ನು ಮೀರಿದರೆ ಎಥನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ, ಮತ್ತು ತಳದಲ್ಲಿರುವುದು ಸತುವಿನ ಬಟ್ಟಲು. ನಮ್ಮ ಕಬ್ಬು ಬೆಳೆಗಾರರಿಗೆ ಎಥನಾಲಿನಿಂದ ಆಗುವ ಅನುಕೂಲವನ್ನು ನಾನು ಮನಸಾರೆ ಒಪ್ಪುತ್ತೇನೆ. ವಾರವಾರ ಓಡುವ ಹಳೆಯ ಕಾರಿನಲ್ಲಿ ಪೆಟ್ರೋಲು ಹೊಸದಾಗುತ್ತಲೇ ಇರುವುದರಿಂದ ತಳದಲ್ಲಿ ನೀರು ನಿಲ್ಲಲು ಅಷ್ಟಾಗಿ ಅವಕಾಶವಿಲ್ಲ. ನಿಲ್ಲಿಸಿಡುವವರು ಮಾತ್ರ ಟ್ಯಾಂಕಿನಿಂದ ಪಂಪಿಗೆ ಬರುವ ಪೆಟ್ರೋಲ್ ಪೈಪನ್ನು ಬಿಡಿಸಿ ಅದರ ಬಾಯಿ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಬಟ್ಟಲನ್ನು ಬರಿದು ಮಾಡಿಯೇ ನಿಲ್ಲಿಸಬೇಕು.

ಕಾರ್ಬ್ಯುರೇಟರನ್ನು ಮತ್ತೆ ಕೂರಿಸಿದ ಮೇಲೆ ಎಂಜಿನ್ ಶುರು ಮಾಡುವ ಮುನ್ನ ಇಪ್ಪತ್ತು ಬಾರಿಯಾದರೂ ಪೆಡಲು ಒತ್ತಿ ಬಿಟ್ಟು ನೋಡಿದೆ. ಪ್ರತಿ ಬಾರಿಯೂ ಸ್ಪ್ರಿಂಗ್ ಲಿವರನ್ನು ಟಕ್ಕೆಂದು ಸ್ಟಾಪಿಗೆ ಬಡಿದು ನಿಲ್ಲಿಸಿತು. ತೆರೆದಲ್ಲೇ ಸಿಕ್ಕಿಕೊಳ್ಳುವ ಥ್ರಾಟಲ್ ರಸ್ತೆಯಲ್ಲಿ ಪ್ರಾಣಕ್ಕೇ ಎರವಾಗುವುದರಿಂದ ಈ ಪರೀಕ್ಷೆಯನ್ನು ಯಾರೂ ಬಿಡಬಾರದು. ಪಂಪಿನ ಕೈಲಿವರನ್ನು ಆಡಿಸಿ ಬಟ್ಟಲು ತುಂಬಿಸಿ, ಚೋಕ್ ಎಳೆದು ಕೀಲಿ ತಿರುಗಿಸಿದಾಗ, ಮೂರನೆಯ ಯತ್ನಕ್ಕೆ 1089 ಸಿಸಿಯ ಎಂಜಿನ್ ಹಿಡಿದುಕೊಂಡಿತು. ಚಿಕ್ಕಪ್ಪ ಮಾತಾಡಲಿಲ್ಲ, ಬಾನೆಟ್ಟಿನ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದರು.

ಬಿಸಿಯಾದ ಮೇಲೆ ಐಡ್ಲಿಂಗ್ ಸ್ವಲ್ಪ ಏರಿಳಿಯುತ್ತಿದೆ. ಶಾಫ್ಟಿನ ಎಡತುದಿಗೆ ಒಂದು ಹನಿ ಎಣ್ಣೆ ಬಿಟ್ಟರೆ ಕೆಲವು ಕ್ಷಣ ಸರಿಹೋಗಿ ಮತ್ತೆ ಹಾಗೆಯೇ ಆಗುತ್ತದೆ. ಅಂದರೆ ಸವೆದ ರಂಧ್ರದಿಂದ ಗಾಳಿ ನುಗ್ಗುತ್ತಿದೆ. ಆ ರಂಧ್ರವನ್ನು ನೇರವಾಗಿ ಕೊರೆದು ಬಳೆಯಂಥ ಕಂಚಿನ ಬುಷ್ ಕೂರಿಸಬೇಕು, ಅದು ಲೇತ್ ಇದ್ದವರ ಕೆಲಸ. ನೋಂದಣಿಯ ತಪಾಸಣೆ ಮುಗಿದ ಮೇಲೆ ಉಡುಪಿಗೆ ಕೊಂಡೊಯ್ಯುವುದೆಂದು ತೀರ್ಮಾನಿಸಿದ್ದೇವೆ.