28 ಮೀಟರ್ ವೈರು

ಮೂರು ವಾರದಿಂದ ಮನೆಯಲ್ಲಿ ಇದೇ ಮಾತು. ಕಾರು ಇವಿ, ಅಂದ್ರೆ ಪೂರ್ತಿ ಬ್ಯಾಟರಿದು ತಗೊಳ್ಳೋದಾ, ಇಲ್ಲಾ ಪೆಟ್ರೋಲೂ ಬ್ಯಾಟರಿಯೂ ಎರಡೂ ಇರೋ ಹೈಬ್ರಿಡ್ಡಾ? ಬನಶಂಕರಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿಬರೋಕೆ ಇವಿ ಧಾರಾಳ ಸಾಕು. ಸಿಲ್ಕ್ ಬೋರ್ಡ್‌ನಲ್ಲಿ ಟ್ರಾಫಿಕ್ಕಿಗೆ ಅರ್ಧ ಗಂಟೆ ನಿಂತರೂ ಸುಡೋದಕ್ಕೆ ಪೆಟ್ರೋಲೇ ಇಲ್ಲ, ಎಸಿಗೆ ಒಂಚೂರು ಬ್ಯಾಟರಿ ಅಷ್ಟೇ.

ತೊಡಕಿರುವುದು ನಮ್ಮ ಬೇಸ್‌ಮೆಂಟಿನಲ್ಲಿ. ಇವಿ ಚಾರ್ಜ್ ಮಾಡೋಕೆ ಮೀಟರ್ ಬೋರ್ಡಿನಿಂದ ನನ್ನ ಪಾರ್ಕಿಂಗ್ ಜಾಗಕ್ಕೆ ಮೂರು ಕಂಬ ದಾಟಿ ವೈರ್ ಎಳೆಯಬೇಕು. ಮೊನ್ನೆ ಟೇಪ್ ಹಿಡಿದು ಅಳೆದೆ, 28 ಮೀಟರ್. ಅಸೋಸಿಯೇಷನ್‌ನವರು "ಮುಂದಿನ ಮೀಟಿಂಗಲ್ಲಿ ನೋಡೋಣ ಸಾರ್" ಅಂತ ಎರಡನೇ ಸಲ ಹೇಳಿದ್ದಾರೆ.

ಹೈಬ್ರಿಡ್‌ಗೆ ಈ ರಗಳೆ ಇಲ್ಲ. ಬ್ರೇಕ್ ಒತ್ತಿದಾಗಲೇ ಒಂದಿಷ್ಟು ಚಾರ್ಜ್ ಆಗುತ್ತದೆ. ನಮ್ಮೂರಲ್ಲಿ ಬ್ರೇಕಿಗೇನು ಬರವಾ!

ನಿನ್ನೆ ಅಪ್ಪ ಕೇಳಿದರು, "ಮೆಟ್ರೋ ಹಳದಿ ಲೈನ್ ಎಲೆಕ್ಟ್ರಾನಿಕ್ ಸಿಟಿಗೇ ಬಂತಲ್ಲೋ, ಕಾರೇ ಯಾಕೆ?"

ಸುಮ್ನೆ ಟೇಪ್ ಸುತ್ತಿಟ್ಟೆ.